ಚಿಕ್ಕಪ್ಪ ಹಾಕಿಸಿದ ವಿಪಿಎನ್

ನನ್ನ ಚಿಕ್ಕಪ್ಪ ಕಾವಲುಗಾರರ ಮೇಲ್ವಿಚಾರಕರು. ಅವರ ಕೈಕೆಳಗೆ ಏಳು ಕಟ್ಟಡಗಳು, ಹದಿನಾಲ್ಕು ಕಾವಲುಗಾರರು. ಕೊರಳಲ್ಲಿ ಒಂದು ಸೀಟಿ. ಇಪ್ಪತ್ತೊಂದು ವರ್ಷದಲ್ಲಿ ಆ ಸೀಟಿಯನ್ನು ಊದಲೇಬೇಕಾದ ಸಂದರ್ಭ ಎರಡು ಸಲ ಬಂದಿತ್ತು. ಎರಡು ಸಲವೂ ಅವರು ರಿಜಿಸ್ಟರ್ ಬರೆಯುತ್ತಿದ್ದರು.

ರಿಜಿಸ್ಟರ್ ಎಂದರೆ ಅವರಿಗೆ ಪ್ರಾಣ. ಗೇಟಿನ ಒಳಗೆ ಬಂದದ್ದು, ಹೊರಗೆ ಹೋದದ್ದು, ಯಾರು ಯಾರಿಗೆ ಚಾರ್ಜ್ ಕೊಟ್ಟರು, ಎಷ್ಟು ಗಂಟೆಗೆ, ಎಲ್ಲವೂ ಅದರಲ್ಲಿ ಇರಬೇಕು. ಒಂದು ಉಡುಪಿನ ಗೋದಾಮಿನಿಂದ ಹಾಡಹಗಲೇ ಹೊಲಿಗೆ ಯಂತ್ರಗಳು ಕಳುವಾದವು. ಪೊಲೀಸರು ಬಂದು ರಿಜಿಸ್ಟರ್ ತೆರೆದರು. ಲಾರಿಯ ನಂಬರು ಇತ್ತು, ಚಾಲಕನ ಸಹಿ ಇತ್ತು, ಹೋದ ಸಮಯ ಇತ್ತು. ‘ಹೊರಗೆ ಹೋದ ವಸ್ತು: ಹೊಲಿಗೆ ಯಂತ್ರ, ನಲವತ್ತು’ ಎಂದು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಿತ್ತು. ನಂಬರು ಸುಳ್ಳು, ಸಹಿ ಸುಳ್ಳು. ಅಕ್ಷರ ಮಾತ್ರ ನಿಜ. “ಇಷ್ಟು ಚೆನ್ನಾಗಿ ದಾಖಲೆ ಇಟ್ಟಿರೋ ಕಳ್ಳತನ ನಾನು ನೋಡೇ ಇಲ್ಲ” ಎಂದು ಇನ್ಸ್‌ಪೆಕ್ಟರ್ ಹೇಳಿದರಂತೆ. ಚಿಕ್ಕಪ್ಪ ಅದನ್ನು ಇವತ್ತಿಗೂ ಹೊಗಳಿಕೆ ಎಂದೇ ತಿಳಿದಿದ್ದಾರೆ. ಬಂದವರಿಗೆಲ್ಲ ಹೇಳುತ್ತಾರೆ.

ಮನೆಯಲ್ಲೂ ಅದೇ. ನಲ್ಲಿ ರಿಪೇರಿಗೆ ಬಂದವನು ಚಪ್ಪಲಿ ಬಿಡುವ ಮೊದಲು ಸಹಿ ಹಾಕಬೇಕು. ನಮ್ಮಪ್ಪ ಅವರ ಸ್ವಂತ ಅಣ್ಣ. ಒಮ್ಮೆ ಹೋದಾಗ ‘ಬಂದ ಉದ್ದೇಶ’ ಎಂಬ ಕಡೆ ಏನು ಬರೆಯಬೇಕೆಂದು ತಿಳಿಯದೆ ‘ತಮ್ಮ’ ಎಂದು ಬರೆದು ಬಂದರು.

ಚಿಕ್ಕಮ್ಮ ನೀರಿನ ಇಲಾಖೆಯಲ್ಲಿ ಮೀಟರ್ ಓದುವವರು. ದಿನಕ್ಕೆ ನೂರಾರು ಮನೆಗಳ ಮೆಟ್ಟಿಲು ಹತ್ತಿ ಇಳಿಯಬೇಕು. ಮೀಟರಿನ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಜನ ಹುಡುಕಾಡುವ ತನಕ ಮೆಟ್ಟಿಲ ಮೇಲೆ ಕೂತು ಕಾಯಬೇಕು. ಹಾಗೆ ಕಾಯುತ್ತಲೇ ಫೋನಿನಲ್ಲಿ ಚೆಸ್ ಕಲಿತರು. ಮೊದಮೊದಲು ಸೋಲುತ್ತಿದ್ದರು. ಆರು ವರ್ಷ ಜನರು ಬೀಗದ ಕೈ ಹುಡುಕಿದ್ದರಿಂದ ಅವರ ಆಟ ಎಷ್ಟು ಸುಧಾರಿಸಿತೆಂದರೆ, ಇಲಾಖೆಯ ಎಂಜಿನಿಯರುಗಳು ಅವರೊಂದಿಗೆ ಆಡುವುದನ್ನೇ ಬಿಟ್ಟರು.

ನಮ್ಮ ನಗರದ ಕಚೇರಿ ನೌಕರರಿಗೆ ಚೆಸ್ ಲೀಗ್ ಒಂದಿದೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ತಮ್ಮ ತಮ್ಮ ಮನೆಯಿಂದಲೇ ಆನ್‌ಲೈನಿನಲ್ಲಿ ಆಡುತ್ತಾರೆ. ಮೋಸ ಆಗಬಾರದೆಂದು, ನೋಂದಾಯಿಸಿದ ಕಂಪ್ಯೂಟರಿನಲ್ಲೇ ಆಡಬೇಕು, ಎದುರಾಳಿಯೊಂದಿಗೆ ಕ್ಯಾಮೆರಾ ಕರೆ ಇಟ್ಟುಕೊಂಡಿರಬೇಕು. ಒಬ್ಬೊಬ್ಬರಿಗೆ ಮೂವತ್ತು ನಿಮಿಷ. ಹತ್ತು ಗಂಟೆ ಐದು ನಿಮಿಷದೊಳಗೆ ಬಾರದಿದ್ದರೂ, ಆಟದ ನಡುವೆ ನೆಟ್ ಹೋಗಿ ಐದು ನಿಮಿಷದಲ್ಲಿ ಮರಳದಿದ್ದರೂ ಸೋಲು. ಋತುವಿನ ಕೊನೆಗೆ ಮೊದಲ ಆರು ಸ್ಥಾನದಲ್ಲಿದ್ದವರು ನಗರದ ತಂಡವಾಗಿ ಬೇರೆ ಊರಿಗೆ ಹೋಗಿ, ನಿಜವಾದ ಹಲಗೆಯ ಮುಂದೆ ಕೂತು ಆಡುತ್ತಾರೆ. ಚಿಕ್ಕಮ್ಮನಿಗೆ ಬೇಕಿದ್ದುದು ಆ ಆರರಲ್ಲಿ ಒಂದು ಕುರ್ಚಿ. ಬೇರೆ ಯಾವುದಕ್ಕೂ ಅವರು ಅಷ್ಟು ಆಸೆಪಟ್ಟದ್ದನ್ನು ನಾನು ಕಂಡಿಲ್ಲ. ಆ ವರ್ಷ ಎಂಟು ಸುತ್ತು ಮುಗಿದಾಗ ಅವರು ಮೂರನೆಯ ಸ್ಥಾನದಲ್ಲಿದ್ದರು.

ಒಂಬತ್ತನೆಯ ಸುತ್ತಿನಲ್ಲಿ ನೆಟ್ ಹೋಯಿತು. ಬೀದಿಯಲ್ಲಿ ಯಾರೋ ಗುಂಡಿ ತೋಡುವಾಗ ತಂತಿ ಕತ್ತರಿಸಿದ್ದರು. ದುರದೃಷ್ಟ, ಅಷ್ಟೆ. ಚಿಕ್ಕಮ್ಮ ಒಂದು ಆಟ ಸೋತರು, ಎರಡು ಮಾತು ಬೈದು ಸುಮ್ಮನಾದರು.

ಚಿಕ್ಕಪ್ಪ ಸುಮ್ಮನಾಗಲಿಲ್ಲ. ನೆಟ್ ಮರಳಿದ ಕೂಡಲೇ ರೂಟರಿನ ಮಾಹಿತಿ ಇರುವ ಪುಟವನ್ನು ತೆರೆದು, ಅದರ ಫೋಟೊ ತೆಗೆದು, ಲೀಗಿನ ಗ್ರೂಪಿಗೆ ಹಾಕಿದರು. ಆಟಗಾರರು, ಮನೆಯವರು ಸೇರಿ ಎಂಬತ್ತು ಮಂದಿ ಇರುವ ಗ್ರೂಪು. ‘ಮಾನ್ಯರೇ, ನಮ್ಮ ಕಡೆಯಿಂದ ಯಾವುದೇ ಲೋಪವಿಲ್ಲವೆಂಬುದಕ್ಕೆ ದಾಖಲೆ ಲಗತ್ತಿಸಿದೆ’ ಎಂದು ಕೆಳಗೆ ಬರೆದರು. ಆ ಫೋಟೊದಲ್ಲಿ ಅವರ ಮನೆಯ ಐಪಿ ನಂಬರು ಹಸಿರು ಅಕ್ಷರದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅದು ಅಂತರ್ಜಾಲದಲ್ಲಿ ಆ ಮನೆಯ ವಿಳಾಸ. ಅದು ಏನೆಂದು ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ. ಸಾಲು, ಅಂಕಣ, ಅಂಕಿ ಇದ್ದ ಪುಟವೆಂದ ಮೇಲೆ ಅದು ದಾಖಲೆ ಆಗಿರಲೇಬೇಕು ಎಂಬುದು ಅವರ ನಂಬಿಕೆ.

ಹತ್ತನೆಯ ಸುತ್ತಿನಲ್ಲಿ ಚಿಕ್ಕಮ್ಮ ಗೆಲ್ಲುವ ಹಂತದಲ್ಲಿದ್ದಾಗ ನೆಟ್ ನಿಂತಿತು. ಯಾರೂ ಎಲ್ಲೂ ಗುಂಡಿ ತೋಡಿರಲಿಲ್ಲ. ಆಟ ಮುಗಿದ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ತಾನಾಗಿಯೇ ಮರಳಿತು.

ಚಿಕ್ಕಪ್ಪ ಎರಡು ದಿನ ಫೋನಿನಲ್ಲಿ ವೀಡಿಯೊಗಳನ್ನು ನೋಡಿದರು. ಮೂರನೆಯ ದಿನ ಊಟಕ್ಕೆ ಕೂತಾಗ ಘೋಷಿಸಿದರು.

“ಇದು ಡಿಡಾಸ್ ದಾಳಿ ಕಣೇ. ಎಲ್ಲೆಲ್ಲಿಂದಲೋ ಸುಳ್ಳು ಬೇಡಿಕೆಗಳನ್ನ ನಮ್ಮ ಮನೆ ಲೈನಿಗೆ ನುಗ್ಗಿಸ್ತಾರೆ. ನೂಕುನುಗ್ಗಲಲ್ಲಿ ನಿನ್ನ ಆಟ ಒಳಗೆ ಬರೋಕೇ ಆಗಲ್ಲ.”

ಇದು ಸರಿಯಾಗಿಯೇ ಇತ್ತು. ನಿಂತ ಗಡಿಯಾರವೂ ದಿನಕ್ಕೆ ಎರಡು ಸಲ ಸರಿಯಾದ ಹೊತ್ತು ತೋರಿಸುತ್ತದೆ.

“ಅದಕ್ಕೆ ಏನ್ ಮಾಡ್ಬೇಕು?” ಎಂದರು ಚಿಕ್ಕಮ್ಮ.

“ವಿಪಿಎನ್ ಹಾಕ್ಬೇಕು. ಹಾಕಿ ಆಯ್ತು. ವರ್ಷಕ್ಕೆ ತಗೊಂಡಿದ್ದೀನಿ. ಇನ್ನು ಮೇಲೆ ಸೊಳ್ಳೇನೂ ಒಳಗೆ ಬರಲ್ಲ.”

“ಸೊಳ್ಳೆ ಬಂದ್ರೆ ನಾನೇ ಹೊಡ್ಕೋತೀನಿ. ನೆಟ್ ಇರುತ್ತಾ ಹೇಳಿ.”

“ಇರುತ್ತಾ ಅಂತ ಕೇಳ್ತೀಯಲ್ಲೇ! ಇಪ್ಪತ್ತೊಂದು ವರ್ಷ ಸೆಕ್ಯುರಿಟೀಲಿ ಇರೋನ್ನ!”

ಆ ವಾರವಿಡೀ ಚಿಕ್ಕಪ್ಪ ವಿಪಿಎನ್‌ನ ಪ್ರಚಾರಕರಾದರು. ಕ್ಷೌರದಂಗಡಿಯಲ್ಲಿ ಮುಖದ ತುಂಬ ನೊರೆ ಇಟ್ಟುಕೊಂಡೇ ಅದರ ಮಹಿಮೆ ವಿವರಿಸಿದರು. ಕಂಪ್ಯೂಟರೇ ಇಲ್ಲದ ಪಕ್ಕದ ಮನೆಯ ನಿವೃತ್ತ ನರ್ಸಿಗೆ, ಅದಿಲ್ಲದೆ ಬದುಕುವುದು ಅಪಾಯ ಎಂದರು. ಅವರು ಹೆದರಿಕೊಂಡು, “ಅದು ಊಟಕ್ಕೆ ಮೊದಲೋ ಆಮೇಲೋ?” ಎಂದು ಕೇಳಿದರಂತೆ. ಮನೆಯ ಬಾಗಿಲಿಗೆ ‘ಈ ಮನೆ ವಿಪಿಎನ್ ರಕ್ಷಣೆಯಲ್ಲಿದೆ’ ಎಂದು ಬರೆದ ಹಲಗೆಯೂ ಬಂತು. ಅಕ್ಷರ ತುಂಬಾ ಚೆನ್ನಾಗಿತ್ತು.

ಹನ್ನೊಂದನೆಯ ಸುತ್ತಿನಲ್ಲಿ ಏಳನೆಯ ನಡೆಗೇ ನೆಟ್ ಹೋಯಿತು.

ಚಿಕ್ಕಮ್ಮ ಕುರ್ಚಿಯಿಂದ ಏಳಲಿಲ್ಲ. ಪರದೆಯ ಮೂಲೆಯಲ್ಲಿ ವಿಪಿಎನ್‌ನ ಗುರಾಣಿಯ ಚಿತ್ರ ಹಸಿರಿನಿಂದ ಬೂದು ಬಣ್ಣಕ್ಕೆ ತಿರುಗಿ ಮಿಣುಕುತ್ತಿತ್ತು. ಮೂರನೆಯ ಸ್ಥಾನದಿಂದ ಆರನೆಯ ಸ್ಥಾನಕ್ಕೆ ಇಳಿದಿದ್ದರು. ಉಳಿದದ್ದು ಒಂದೇ ಸುತ್ತು. ಅರ್ಧ ಅಂಕ ಹಿಂದೆ, ಏಳನೆಯ ಸ್ಥಾನದಲ್ಲಿ ಒಂದು ವಿಮೆ ಕಚೇರಿಯ ಗುಮಾಸ್ತನಿದ್ದ. ಕೊನೆಯ ಸುತ್ತಿನಲ್ಲಿ ಚಿಕ್ಕಮ್ಮನಿಗೆ ಅವನೇ ಎದುರಾಳಿ. ಅವನು ಗೆದ್ದರೆ ಕುರ್ಚಿ ಅವನದು. ಚಿಕ್ಕಮ್ಮ ಸೋಲದಿದ್ದರೆ ಅವರದು.

“ಕಂಪನಿಯವರು ಕಳಪೆ ವಿಪಿಎನ್ ಕೊಟ್ಟಿದ್ದಾರೆ” ಎಂದರು ಚಿಕ್ಕಪ್ಪ. “ಇದಕ್ಕಿಂತ ಮೇಲಿನ ದರ್ಜೆದು ಬರುತ್ತೆ. ಅದನ್ನ ಹಾಕ್ಸೋಣ. ಇದರ ಮೇಲೇ ಅದನ್ನ ಹಾಕ್ಸೋಣ.”

“ರೀ, ನೀವು ಒಂದು ವಾರ ಏನನ್ನೂ ಹಾಕಿಸಬೇಡಿ. ಬನಿಯನ್ನು ಮಾತ್ರ ಹಾಕ್ಕೊಳ್ಳಿ, ಸಾಕು.”

ಸೋಮವಾರ ಚಿಕ್ಕಮ್ಮ ಅರ್ಧ ದಿನ ರಜೆ ಹಾಕಿ ನೆಟ್ ಕಂಪನಿಯ ಮೆಕ್ಯಾನಿಕ್ಕನ್ನು ಕರೆಸಿದರು. ಆಕೆ ಹೆಗಲಿಗೆ ಏಣಿ, ಸೊಂಟಕ್ಕೆ ತಂತಿಯ ಸುರುಳಿ ಹಾಕಿಕೊಂಡು ಬಂದ ನಡುವಯಸ್ಸಿನ ಹೆಂಗಸು. ಬಾಗಿಲ ಹಲಗೆಯನ್ನು ಓದಿ, ಚಿಕ್ಕಪ್ಪ ಚಾಚಿದ ರಿಜಿಸ್ಟರಿಗೆ ಸಹಿ ಹಾಕಿ, ಒಳಗೆ ಬಂದು ಲೈನನ್ನು ನೋಡಿದರು. ಕಿಟಕಿಯ ಹೊರಗೆ ಬಾಗಿ ಫೋನಿನಲ್ಲಿ ಕಚೇರಿಯವರ ಜೊತೆ ಮಾತಾಡಿದರು.

“ಮೇಡಂ, ಎರಡು ಭಾನುವಾರವೂ ನಿಮ್ಮ ನಂಬರಿಗೇ ಗುರಿಯಿಟ್ಟು ಹೊಡೆದಿದ್ದಾರೆ. ಈ ನಂಬರು ಯಾರಿಗಾದ್ರೂ ಕೊಟ್ಟಿದ್ರಾ?”

“ನಾನ್ಯಾಕೆ ಕೊಡ್ಲಿ? ಅದೇನು ಅಂತಾನೇ ನಂಗೊತ್ತಿಲ್ಲ.”

“ಹೀಗಿರುತ್ತೆ ನೋಡಿ” ಎಂದು ಆಕೆ ರೂಟರಿನ ಪುಟ ತೆರೆದು ತೋರಿಸಿದರು. ಚಿಕ್ಕಮ್ಮ ಆ ಪುಟವನ್ನು ನೋಡಿದರು, ಆಮೇಲೆ ನಿಧಾನಕ್ಕೆ ಕತ್ತು ತಿರುಗಿಸಿ ಗಂಡನನ್ನು ನೋಡಿದರು. ಚಿಕ್ಕಪ್ಪ ಕಿಟಕಿಯ ಚಿಲಕ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುತ್ತಿದ್ದರು.

“ಎಂಬತ್ತು ಜನಕ್ಕೆ ಕೊಟ್ಟಿದ್ದೀವಿ” ಎಂದರು ಚಿಕ್ಕಮ್ಮ.

“ಆದ್ರೆ ವಿಪಿಎನ್ ಇತ್ತಲ್ಲ!” ಎಂದರು ಚಿಕ್ಕಪ್ಪ.

“ಸಾರ್, ನಿಮ್ಮ ಮನೆ ಒಂದು ಸಣ್ಣ ಗಲ್ಲೀಲಿದೆ ಅಂದ್ಕೊಳ್ಳಿ” ಎಂದು ಮೆಕ್ಯಾನಿಕ್ ಶುರುಮಾಡಿದರು. ಈ ಮಾತನ್ನು ಅವರು ಇಂಥ ಎಷ್ಟೋ ಗಂಡಸರಿಗೆ ಹೇಳಿರಬೇಕು, ಒಂದು ಕಡೆಯೂ ತಡವರಿಸಲಿಲ್ಲ. “ವಿಪಿಎನ್ ಅಂದ್ರೆ ಬೇರೆ ಕಡೆ ಇರೋ ಒಂದು ದೊಡ್ಡ ಕಟ್ಟಡ. ನಿಮ್ಮ ಕಾಗದ ಎಲ್ಲಾ ಅಲ್ಲಿಗೆ ಹೋಗಿ, ಅಲ್ಲಿಂದ ನಿಮಗೆ ಗುಟ್ಟಾಗಿ ಬರುತ್ತೆ. ಹೊರಗಿನವನಿಗೆ ಕಾಣೋದು ಆ ಕಟ್ಟಡದ ಅಡ್ರೆಸ್ಸು ಮಾತ್ರ. ಅವನು ಸಾವಿರ ಗಾಡಿ ನುಗ್ಗಿಸಿದ್ರೂ ಅಲ್ಲಿ ತಡ್ಕೊಳ್ಳೋಕೆ ಜಾಗ ಇದೆ, ವ್ಯವಸ್ಥೆ ಇದೆ. ಅದಕ್ಕೇ ವಿಪಿಎನ್ ಒಳ್ಳೇದು. ಆದ್ರೆ ನಿಮ್ಮ ಗಲ್ಲಿ ಅಡ್ರೆಸ್ಸು ಮೊದಲೇ ಗೊತ್ತಿರೋನು ಕಟ್ಟಡದ ಕಡೆ ಯಾಕೆ ಹೋಗ್ತಾನೆ? ನೇರ ಗಲ್ಲಿಗೇ ಗಾಡಿ ನುಗ್ಗಿಸ್ತಾನೆ. ಗಲ್ಲಿನೇ ಕಟ್ಟಿಹೋದ್ಮೇಲೆ ಕಟ್ಟಡದಿಂದ ಕಾಗದ ಹೆಂಗ್ ಬರುತ್ತೆ?”

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಗಾದೆ. ಚಿಕ್ಕಪ್ಪ ಬಾಗಿಲು ಹಾಕಿದ್ದಲ್ಲದೆ, ಬಾಗಿಲಿಗೆ ಹಲಗೆಯನ್ನೂ ತೂಗುಹಾಕಿದ್ದರು.

“ಹಾಗಾದ್ರೆ?” ಎಂದರು ಚಿಕ್ಕಮ್ಮ.

“ನಂಬರೇ ಬದಲಾಯಿಸ್ಬೇಕು. ರೂಟರ್ ಆಫ್ ಮಾಡಿ ಇಪ್ಪತ್ತು ನಿಮಿಷ ಬಿಟ್ಟು ಹಾಕಿದ್ರೆ ಕಂಪನಿ ಸಾಮಾನ್ಯವಾಗಿ ಬೇರೆ ನಂಬರು ಕೊಡುತ್ತೆ. ಕೊಡದೆ ಇದ್ರೆ ಇನ್ನೊಂದ್ಸಲ ಆಫ್ ಮಾಡಿ. ಆಮೇಲೆ ಮೊದಲು ವಿಪಿಎನ್ ಹಾಕಿ, ಆ ಗುರಾಣಿ ಹಸಿರಾದ್ಮೇಲೇ ಕ್ಯಾಮೆರಾ ಕರೆಗೆ ಹೋಗಿ. ಆ ಕರೆ ನೇರವಾಗಿ ಎದುರಿನವನ ಕಂಪ್ಯೂಟರಿಗೆ ಹೋಗೋದು. ವಿಪಿಎನ್ ಇಲ್ದೆ ಹೋದ್ರೆ ಹೊಸ ನಂಬರೂ ಅವನಿಗೆ ಸಿಕ್ಕಿಬಿಡುತ್ತೆ. ಮೊದಲು ನಂಬರು, ಆಮೇಲೆ ವಿಪಿಎನ್, ಆಮೇಲೆ ಆಟ. ಮತ್ತೆ ಯಾರಿಗೂ ಹೇಳ್ಬೇಡಿ.”

ಆಕೆಯೇ ರೂಟರ್ ಆಫ್ ಮಾಡಿಸಿ, ಹೊಸ ನಂಬರು ಬಂದದ್ದನ್ನು ತೋರಿಸಿ ಹೊರಟರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, ‘ಯಾರಿಗೂ ಹೇಳ್ಬೇಡಿ’ ಎಂಬುದನ್ನು ಇನ್ನೊಮ್ಮೆ ಹೇಳಿದರು. ಹೇಳುವಾಗ ಅವರು ಚಿಕ್ಕಮ್ಮನ ಕಡೆ ನೋಡುತ್ತಿರಲಿಲ್ಲ.

ಈಗ ಕಾವಲಿನವರ ಒಂದು ಪದ್ಧತಿಯನ್ನು ತಿಳಿಸಬೇಕು. ಒಬ್ಬ ಕಾವಲುಗಾರನನ್ನು ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಬದಲಾಯಿಸಿದರೆ, ಹಳೆಯ ಜಾಗ ಯಾವುದು, ಹೊಸ ಜಾಗ ಯಾವುದು, ಯಾವ ಹೊತ್ತಿಗೆ ಚಾರ್ಜ್ ವಹಿಸಿಕೊಟ್ಟರು ಎಂದು ಬರೆದು ಸಂಬಂಧಪಟ್ಟ ಎಲ್ಲರಿಗೂ ತಿಳಿಸಬೇಕು. ತಿಳಿಸದಿದ್ದರೆ ಬದಲಾವಣೆ ಆದಂತೆಯೇ ಅಲ್ಲ. ಒಳ್ಳೆಯ ಪದ್ಧತಿಯೇ. ಕಾವಲುಗಾರ ಎಲ್ಲಿದ್ದಾನೆಂದು ಎಲ್ಲರಿಗೂ ಗೊತ್ತಿರಬೇಕು. ಆದರೆ ಚಿಕ್ಕಪ್ಪನಿಗೆ ಕಾವಲುಗಾರನಿಗೂ ಅಡಗಿರುವವನಿಗೂ ಇರುವ ವ್ಯತ್ಯಾಸ ಇಪ್ಪತ್ತೊಂದು ವರ್ಷದಲ್ಲಿ ತಲೆಗೆ ಹೋಗಿರಲಿಲ್ಲ. ಐದು ದಿನ ಅವರು ಬಾಯಿ ಮುಚ್ಚಿಕೊಂಡಿದ್ದರು. ಅದನ್ನು ಒಪ್ಪಬೇಕು.

ಕೊನೆಯ ಸುತ್ತಿನ ಭಾನುವಾರ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಚಿಕ್ಕಮ್ಮ ತಲೆ ಬಾಚಿಕೊಂಡು, ಕಚೇರಿಗೆ ಹೋಗುವವರಂತೆ ಬಟ್ಟೆ ಹಾಕಿಕೊಂಡು, ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟಿದ್ದರು. ಒಂಬತ್ತು ಹದಿನೈದಕ್ಕೆ, ತಮಗೆ ಬಿಳಿಯೋ ಕಪ್ಪೋ ಎಂದು ನೋಡಲು ಲೀಗಿನ ಗ್ರೂಪು ತೆರೆದರು. ನೋಡುತ್ತಿದ್ದಂತೆ ಅವರ ಮುಖದ ಬಣ್ಣ ಇಳಿಯಿತು.

“ರೀ. ಇದೇನಿದು?”

ಹಿಂದಿನ ಸಂಜೆ ಚಿಕ್ಕಪ್ಪ ಬರೆದ ಪ್ರಕಟಣೆ ಅಲ್ಲಿತ್ತು. ‘ಮಾನ್ಯರೇ, ಭದ್ರತಾ ಕಾರಣಗಳಿಂದಾಗಿ ನಮ್ಮ ಮನೆಯ ಐಪಿ ನಂಬರನ್ನು ಬದಲಾಯಿಸಲಾಗಿದೆ. ಹಳೆಯ ನಂಬರು ಇಂತಿದ್ದು, ಸದರಿ ನಂಬರು ಇನ್ನು ಮುಂದೆ ಚಾಲ್ತಿಯಲ್ಲಿರುವುದಿಲ್ಲ. ಹೊಸ ನಂಬರು ಇಂತಿದೆ. ಎಲ್ಲರೂ ಗಮನಿಸತಕ್ಕದ್ದು.’ ಎರಡು ನಂಬರೂ ಒಂದಂಕಿ ತಪ್ಪದೆ ಇದ್ದವು. ಕೆಳಗೆ ಹದಿನಾಲ್ಕು ಜನ ಹೆಬ್ಬೆರಳು ಎತ್ತಿದ್ದರು. ಒಂದು ಹೆಬ್ಬೆರಳು ವಿಮೆಯವನದು.

“ಚಾರ್ಜ್ ಬದಲಾವಣೆ ಕಣೇ. ಅಧಿಕೃತವಾಗಿ ತಿಳಿಸದೆ ಇದ್ರೆ ನಾಳೆ ಏನಾದ್ರೂ ಆಕ್ಷೇಪಣೆ ಬಂದ್ರೆ...”

“ಯಾರ ಆಕ್ಷೇಪಣೆರೀ? ಹೊಡೆಯೋಕೆ ಬರೋನು ‘ನಿಮ್ಮ ಅಡ್ರೆಸ್ಸು ಸಿಗ್ಲಿಲ್ಲ’ ಅಂತ ಆಕ್ಷೇಪಣೆ ಹಾಕ್ತಾನಾ?”

“ವಿಪಿಎನ್ ಇದೆಯಲ್ಲ...”

“ಆ ಹೆಂಗಸು ಸೋಮವಾರ ಇಲ್ಲಿ ನಿಂತ್ಕೊಂಡು ಏನು ಹೇಳಿದ್ದು? ಗಲ್ಲಿ, ಕಟ್ಟಡ! ನೀವು ಏನು ಕೇಳಿಸ್ಕೊಂಡ್ರಿ?”

“ಕೇಳಿಸ್ಕೊಂಡೆ. ಗಲ್ಲಿ ಬದಲಾಯಿಸಿದ್ವಿ. ಅದನ್ನೇ ತಿಳಿಸಿದೆ.”

ಚಿಕ್ಕಮ್ಮ ಮುಂದೆ ಜಗಳ ಆಡಲಿಲ್ಲ. ಅಷ್ಟಕ್ಕೆ ಸಮಯ ಇರಲಿಲ್ಲ. ಎದ್ದು ಹೋಗಿ ರೂಟರಿನ ತಂತಿ ಕಿತ್ತರು. ಒಂಬತ್ತು ಇಪ್ಪತ್ತಾಗಿತ್ತು. ಬೇರೆ ದಾರಿಯೂ ಇರಲಿಲ್ಲ. ಅವರ ಮನೆ ಎರಡು ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡಿದೆ. ಕಿಟಕಿಯ ಹೊರಗೆ ಕೈ ಚಾಚಿದರೆ ಮಾತ್ರ ಫೋನಿಗೆ ಸಿಗ್ನಲ್ ಸಿಗುತ್ತದೆ, ಅದೂ ಮಾತಾಡುವಷ್ಟು ಮಾತ್ರ. ಅದರಲ್ಲಿ ಆಟ ಆಡಲಾಗದು.

ಆಮೇಲೆ ಗಂಡನ ಮುಂದೆ ಕೈ ಚಾಚಿದರು.

“ಫೋನ್ ಕೊಡಿ.”

“ನನ್ನ ಫೋನ್ಯಾಕೆ? ಡ್ಯೂಟಿ ಫೋನು ಅದು!”

“ಕೊಡಿ ಅಂದೆ.”

ಚಿಕ್ಕಪ್ಪ ಕೊಟ್ಟರು. ಚಿಕ್ಕಮ್ಮ ಅದನ್ನು ತಮ್ಮ ಮೀಟರ್ ಓದುವ ಚೀಲಕ್ಕೆ ಹಾಕಿ, ಚೀಲವನ್ನು ಕುರ್ಚಿಯ ಕೆಳಗಿಟ್ಟು, ಎರಡು ಪಾದಗಳನ್ನೂ ಅದರ ಮೇಲಿಟ್ಟು ಕೂತರು. ಇಪ್ಪತ್ತು ನಿಮಿಷ ಕಳೆಯಬೇಕಿತ್ತು. ಚಿಕ್ಕಪ್ಪ ಒಂದು ಸಲ, “ಕಾಫಿ ಮಾಡ್ಲಾ?” ಎಂದರು. “ಮಾಡಿ. ಮಾಡಿದ್ದನ್ನ ಯಾರಿಗೂ ತಿಳಿಸ್ಬೇಡಿ” ಎಂದರು ಚಿಕ್ಕಮ್ಮ.

ಒಂಬತ್ತು ನಲವತ್ತಕ್ಕೆ ರೂಟರ್ ಹಾಕಿ, ಪುಟ ತೆರೆದು ನೋಡಿದರು. ಅದೇ ನಂಬರು. ಗ್ರೂಪಿನಲ್ಲಿದ್ದ ನಂಬರಿನೊಂದಿಗೆ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಹೋಲಿಸಿದರು. ಮೀಟರ್ ಓದುವವರು ಅಂಕಿಯನ್ನು ಎರಡು ಸಲ ಓದುತ್ತಾರೆ. ಎರಡು ಸಲವೂ ಅದೇ ಇತ್ತು. ಮತ್ತೆ ತಂತಿ ಕಿತ್ತರು. ಈಗ ಇಪ್ಪತ್ತು ನಿಮಿಷ ಬಿಟ್ಟರೆ ಹತ್ತು ಗಂಟೆ ದಾಟುತ್ತದೆ. ಬಿಡದಿದ್ದರೆ ನಂಬರು ಬದಲಾಗುವುದಿಲ್ಲ. ಅವರು ಬಿಟ್ಟರು.

ಹತ್ತು ಗಂಟೆಗೆ ತಂತಿ ಹಾಕಿದರು. ದೀಪಗಳು ಒಂದೊಂದಾಗಿ ಹತ್ತಿಕೊಳ್ಳಲು ಎರಡು ನಿಮಿಷ ಬೇಕಾಯಿತು. ಹತ್ತು ಎರಡಕ್ಕೆ ಪುಟ ತೆರೆಯಿತು. ಹೊಸ ನಂಬರು ಬಂದಿತ್ತು. ಚಿಕ್ಕಪ್ಪ ಇಣುಕಲು ಬಂದಾಗ ಚಿಕ್ಕಮ್ಮ ಪರದೆಗೆ ಅಂಗೈ ಅಡ್ಡ ಹಿಡಿದರು.

ಹತ್ತು ಮೂರು. ವಿಪಿಎನ್ ಒತ್ತಿದರು. ಗುರಾಣಿ ಬೂದು ಬಣ್ಣದಲ್ಲೇ ಸುತ್ತುತ್ತಿತ್ತು.

“ಏ, ಎರಡೇ ನಿಮಿಷ ಇರೋದು! ಆಟಕ್ಕೆ ಹೋಗು ಮೊದಲು. ವಿಪಿಎನ್ ಆಮೇಲೆ ಹಾಕ್ಕೊಂಡ್ರಾಯ್ತು!” ಎಂದು ಚಿಕ್ಕಪ್ಪ ಕೂಗಿದರು.

ಕ್ಷೌರದಂಗಡಿಯಿಂದ ಹಿಡಿದು ಪಕ್ಕದ ಮನೆಯ ನರ್ಸಿನವರೆಗೆ ವಿಪಿಎನ್ ಇಲ್ಲದೆ ಬದುಕಿಲ್ಲ ಎಂದು ಸಾರಿದ ಮನುಷ್ಯ ಇವರೇ. ಅದು ನಿಜವಾಗಿ ಬೇಕಾಗಿದ್ದ ಒಂದೇ ಒಂದು ನಿಮಿಷದಲ್ಲಿ ಬೇಡ ಎಂದರು.

ಚಿಕ್ಕಮ್ಮ ಗುರಾಣಿಯನ್ನೇ ನೋಡುತ್ತಾ ಕೂತರು. ಅದು ಹಸಿರಾಯಿತು. ಆಮೇಲೆ ಕ್ಯಾಮೆರಾ ಹಾಕಿದರು, ಆಮೇಲೆ ಆಟಕ್ಕೆ ಹೋದರು. ಹತ್ತು ನಾಲ್ಕಾಗಿ ಮೇಲೆ ನಲವತ್ತು ಸೆಕೆಂಡು.

ಎದುರಿಗೆ ವಿಮೆಯವನ ಮುಖ ಬಂತು. ಒಂದು ಕ್ಷಣ ಅವನು, ಮುಗಿದ ಊಟದ ತಟ್ಟೆಯನ್ನು ಎತ್ತಿಡಲು ಬಂದಾಗ ಅದರಲ್ಲಿ ಊಟ ಕಂಡವನಂತೆ ನೋಡಿದ. “ಓ, ಬಂದ್ರಾ ಮೇಡಂ? ನೆಟ್ ತೊಂದ್ರೆ ಇರ್ಬೇಕು ಅಂದ್ಕೊಂಡೆ” ಎಂದ.

“ತೊಂದ್ರೆ ಏನಿಲ್ಲ” ಎಂದರು ಚಿಕ್ಕಮ್ಮ.

ಚಿಕ್ಕಮ್ಮನ ಗಡಿಯಾರದಲ್ಲಿ ಆಗಲೇ ಐದು ನಿಮಿಷ ಕಡಿಮೆಯಾಗಿತ್ತು. ಆಟ ನನಗೆ ಪೂರ್ತಿ ಅರ್ಥವಾಗುವುದಿಲ್ಲ. ಹದಿನೈದನೆಯ ನಡೆಯ ಹೊತ್ತಿಗೆ ಅವರ ಒಂದು ಕುದುರೆ ಹೋಗಿತ್ತು, ಬದಲಿಗೆ ಎರಡು ಕಾಲಾಳು ಸಿಕ್ಕಿದ್ದವು. ಅವರ ತುಟಿ ಬಿಗಿದಿತ್ತು. ಅಷ್ಟು ಕಂಡರೆ ಸಾಕು, ಆಟ ಚೆನ್ನಾಗಿ ನಡೆಯುತ್ತಿಲ್ಲ ಎಂದು ನನಗೆ ಗೊತ್ತಾಗುತ್ತದೆ.

ಆಗ ವಿಮೆಯವನು ಕಾಯಿ ನಡೆಸುವುದನ್ನು ನಿಲ್ಲಿಸಿದ.

ಅವನ ಸರದಿಯೇ ಇತ್ತು. ಗಡಿಯಾರ ಓಡುತ್ತಿದ್ದುದು ಅವನದೇ. ಆದರೆ ಅವನು ಹಲಗೆಯನ್ನು ನೋಡುತ್ತಲೇ ಇರಲಿಲ್ಲ. ಪರದೆಯಲ್ಲಿ ಚಿಕ್ಕಮ್ಮನ ಮುಖವನ್ನೇ ನೋಡುತ್ತಾ ಕೂತಿದ್ದ. ಆಗಾಗ ಪಕ್ಕದಲ್ಲಿದ್ದ ಫೋನನ್ನು ಎತ್ತಿ ನೋಡುತ್ತಿದ್ದ. ಐದು ನಿಮಿಷ ಹೋಯಿತು. ಎಂಟು ಹೋಯಿತು. ಚಿಕ್ಕಮ್ಮ ರೆಪ್ಪೆ ಬಡಿದರೆ ಅವನು ಮುಂದಕ್ಕೆ ಬಾಗುತ್ತಿದ್ದ, ಚಿತ್ರ ನಿಂತುಹೋಯಿತೇ ಎಂದು ನೋಡುವವನ ಹಾಗೆ. ನಿಲ್ಲಲಿಲ್ಲ. ಅವನು ಹನ್ನೊಂದನೆಯ ನಿಮಿಷಕ್ಕೆ ಒಂದು ಕಾಲಾಳನ್ನು ಮುಂದೂಡಿ, ಫೋನ್ ತೆಗೆದುಕೊಂಡು ಯಾರಿಗೋ ಸರಸರ ಬರೆದ.

ಅವನೇ ಮಾಡಿಸಿದ ಎಂದು ನಾನು ಬರೆಯಲಾರೆ. ಪುರಾವೆ ಇಲ್ಲ. ಆದರೆ ಮಾರನೆಯ ದಿನ ಚಿಕ್ಕಮ್ಮ ಆ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಕೇಳಿದಾಗ ಗೊತ್ತಾದದ್ದು ಇಷ್ಟು. ಭಾನುವಾರ ಹತ್ತೂಕಾಲಿಂದ ಹನ್ನೊಂದರವರೆಗೆ, ಚಿಕ್ಕಪ್ಪ ಪ್ರಕಟಿಸಿದ ಆ ನಂಬರಿಗೆ ಸುಳ್ಳು ಬೇಡಿಕೆಗಳ ಭಾರೀ ಪ್ರವಾಹ ಬಂದಿತ್ತು. ಆಗ ಅದು ನಮ್ಮದಾಗಿರಲಿಲ್ಲ. ಯಾರಾದರೂ ಬೇರೆ ಗಿರಾಕಿಗೆ ಹೋಗಿತ್ತೇ ಎಂದು ಚಿಕ್ಕಮ್ಮ ಕೇಳಿದರು. ಅದನ್ನು ಹೇಳುವ ಹಾಗಿಲ್ಲ ಎಂದರಂತೆ. ಹೋಗಿದ್ದರೆ, ಆ ಬೆಳಿಗ್ಗೆ ಯಾವುದೋ ಮನೆಯಲ್ಲಿ ಯಾರೋ ಏನೂ ಅರಿಯದೆ ರೂಟರಿಗೆ ಬಡಿಯುತ್ತಾ ಕೂತಿದ್ದಿರಬೇಕು. ಚಿಕ್ಕಪ್ಪನಿಗೆ ಆ ಯೋಚನೆ ಇದುವರೆಗೂ ಬಂದಿಲ್ಲ.

ಆಟಕ್ಕೆ ಮರಳುತ್ತೇನೆ. ಕಾಯುತ್ತಾ ಕೂತು ವಿಮೆಯವನು ಇಪ್ಪತ್ತು ನಿಮಿಷ ಸುಟ್ಟಿದ್ದ. ನೆಟ್ ಹೋಗುವುದಿಲ್ಲ ಎಂದು ಅವನಿಗೆ ಖಚಿತವಾದಾಗ ಅವನ ಗಡಿಯಾರದಲ್ಲಿ ಉಳಿದದ್ದು ಮೂರು ನಿಮಿಷ, ಚಿಕ್ಕಮ್ಮನದರಲ್ಲಿ ಒಂಬತ್ತು. ಆಗ ಗಾಬರಿಯಿಂದ ಆಡಲು ತೊಡಗಿದ. ಅವನಿಗೆ ಆಗಲೂ ಗೆಲ್ಲುವ ಆಟ ಇತ್ತಂತೆ. ಇದು ಚಿಕ್ಕಮ್ಮನೇ ಆಮೇಲೆ ಹೇಳಿದ್ದು. ಆದರೆ ಚಿಕ್ಕಮ್ಮ ಮೆಟ್ಟಿಲ ಮೇಲೆ ಕಾದು ಕಲಿತವರು. ಅವಸರ ಮಾಡಲಿಲ್ಲ, ಸಿಕ್ಕಿಬೀಳಲಿಲ್ಲ, ರಾಜನನ್ನು ಮೂಲೆಯಿಂದ ಮೂಲೆಗೆ ನಡೆಸಿದರು. ನಲವತ್ತೊಂದನೆಯ ನಡೆಗೆ ವಿಮೆಯವನ ಗಡಿಯಾರ ಸೊನ್ನೆ ಮುಟ್ಟಿತು. ಅವನು ನಮಸ್ಕಾರವನ್ನೂ ಹೇಳದೆ ಕ್ಯಾಮೆರಾ ಆರಿಸಿದ.

ಚಿಕ್ಕಮ್ಮ ಕಂಪ್ಯೂಟರ್ ಮುಚ್ಚಿದರು. ಆಮೇಲೆ ಪಾದ ಎತ್ತಿ, ಚೀಲದಿಂದ ಫೋನ್ ತೆಗೆದು ಗಂಡನಿಗೆ ಕೊಟ್ಟರು. ಬೈಯುತ್ತಾರೆ ಎಂದು ನಾನು ಕಾದೆ. ಬೈಯಲಿಲ್ಲ. ತಪ್ಪು ಮಾಡಿದರು.

ಚಿಕ್ಕಪ್ಪ ಫೋನನ್ನು ಕಿಟಕಿಯ ಬಳಿಗೆ ಒಯ್ದು ನರ್ಸನ್ನೂ ಕ್ಷೌರಿಕನನ್ನೂ ಸೇರಿಸಿ ಎಂಟು ಜನರಿಗೆ ಕರೆ ಮಾಡಿದರು. ನಾಲ್ಕನೆಯ ಕರೆಯ ಹೊತ್ತಿಗೆ ಕತೆ ಬದಲಾಗಿತ್ತು. “ನಂಬರು ಬೇಕಂತಲೇ ಹಾಕಿದ್ದು! ಗಾಳಕ್ಕೆ ಹುಳ ಸಿಕ್ಕಿಸಿದ ಹಾಗೆ. ಶತ್ರು ಅಲ್ಲಿ ಹೊಡೀಲಿ, ನಾವು ಇಲ್ಲಿ ಇರೋಣ ಅಂತ. ಸೆಕ್ಯುರಿಟೀಲಿ ಇದಕ್ಕೆ ಒಂದು ಹೆಸರೇ ಇದೆ.” ಯಾವ ಹೆಸರು ಎಂದು ಆ ಕಡೆಯವರು ಕೇಳಿರಬೇಕು. “ಅದನ್ನೆಲ್ಲ ಫೋನಲ್ಲಿ ಹೇಳೋಕಾಗಲ್ಲ” ಎಂದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಚಿಕ್ಕಪ್ಪನ ಮೀಸೆ ಮಣ್ಣಾಗಲೇ ಇಲ್ಲ, ಏಕೆಂದರೆ ಕೆಳಗೆ ಬಿದ್ದದ್ದು ಯಾವಾಗಲೂ ಬೇರೆಯವರು.

ಮಾತು ಹರಡಿತು. ಗುರುವಾರ ಸಂಜೆ ತಂಡದ ಮ್ಯಾನೇಜರ್ ಚಿಕ್ಕಮ್ಮನಿಗೆ ಫೋನ್ ಮಾಡಿದರು. ಆರನೆಯ ಕುರ್ಚಿ ಅವರದೇ ಎಂದು ಖಚಿತಪಡಿಸಿದರು. ಪಂದ್ಯ ಮುಂದಿನ ತಿಂಗಳು, ಆರೂ ಜನ ಒಟ್ಟಿಗೆ ಹೊರಡುವುದು. ಚಿಕ್ಕಮ್ಮ ಕಿಟಕಿಯ ಹೊರಗೆ ಅರ್ಧ ಮೈ ಚಾಚಿ ನಿಂತಿದ್ದರು. “ಥ್ಯಾಂಕ್ಸ್ ಸರ್, ಥ್ಯಾಂಕ್ಸ್” ಎನ್ನುತ್ತಲೇ ಇದ್ದರು. ಒಳಗೆ ಚಿಕ್ಕಪ್ಪ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಾ ಕಿವಿ ನಿಮಿರಿಸಿಕೊಂಡಿದ್ದರು.

ಮ್ಯಾನೇಜರ್ ಇನ್ನೂ ಏನೋ ಹೇಳಿದರು. ಚಿಕ್ಕಮ್ಮ ಫೋನಿನ ಮೇಲೆ ಕೈ ಮುಚ್ಚಿ ಒಳಗೆ ತಿರುಗಿದರು.

“ನಿಮ್ಮ ಕತೆ ಅವರಿಗೂ ಮುಟ್ಟಿದೆ. ತಂಡದ ಫೋನು, ನೆಟ್ಟು, ಎಲ್ಲ ನೋಡ್ಕೊಳ್ಳೋಕೆ ನಿಮ್ಮನ್ನೂ ಕರ್ಕೊಂಡು ಹೋಗೋಣ್ವಾ ಅಂತ ಕೇಳ್ತಿದ್ದಾರೆ. ಭದ್ರತಾ ಸಲಹೆಗಾರರು ಅಂತೆ.”

ಚಿಕ್ಕಪ್ಪ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಅಂಗಿಯ ಕಾಲರನ್ನು ಸರಿಪಡಿಸಿಕೊಂಡರು. “ರಜೆ ಸಿಗೋದು ಕಷ್ಟ” ಎಂದರು. “ಆದ್ರೂ ನೋಡೋಣ. ಊರಿನ ಮರ್ಯಾದೆ ಪ್ರಶ್ನೆ. ಬರ್ತೀನಿ ಅನ್ನು.”

ಚಿಕ್ಕಮ್ಮ ಮತ್ತೆ ಕಿಟಕಿಯ ಹೊರಗೆ ಬಾಗಿದರು.

“ಬರ್ತಾರಂತೆ ಸರ್. ಖಂಡಿತ ಕರ್ಕೊಂಡು ಹೋಗೋಣ. ಒಂದೇ ಒಂದು ವಿನಂತಿ. ನಾವು ಯಾವ ಹೋಟೆಲಲ್ಲಿ ಇಳ್ಕೊಳ್ತೀವಿ ಅಂತ ಮಾತ್ರ ಅವರಿಗೆ ಹೇಳ್ಬೇಡಿ.”